ಕೆಳಮನೆಯವರು

ಹನ್ನೊಂದನೆಯ ಕೋಳಿ ಮುಗಿಯಿತು. ನೆಡ್ರಾ ಬೆಂದ ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಎಡಗಡೆಯ ದೊಡ್ಡ ಪಾತ್ರೆಗೆ ಹಾಕುತ್ತಿದ್ದಳು. ಮೂಳೆ ಬಲಗಡೆಯ ಬಕೆಟ್ಟಿಗೆ, ಚರ್ಮ ಹಳೆಯ ಪತ್ರಿಕೆಯ ಮೇಲೆ. ಇಪ್ಪತ್ತೆಂಟು ವರ್ಷಗಳಿಂದ ಮಾಡುತ್ತಿದ್ದ ಕೆಲಸ. ಬೆರಳುಗಳಿಗೆ ದಾರಿ ಗೊತ್ತಿತ್ತು, ಮನಸ್ಸು ಅಲ್ಲೇ ಇರಬೇಕಾಗಿರಲಿಲ್ಲ. ಇನ್ನೂ ಹತ್ತೊಂಬತ್ತು ಕೋಳಿಗಳು ಉಳಿದಿದ್ದವು. ಮರುದಿನ, ಸೆಪ್ಟೆಂಬರಿನ ಎರಡನೆಯ ಶನಿವಾರ, ಊರಿನ ಅಗ್ನಿಶಾಮಕ ದಳದ ಫೈರ್ ಹಾಲಿನಲ್ಲಿ ಊರೂಟ. ಕಣಿವೆಯ ಎರಡೂ ಬದಿಯವರು ಬಂದು, ಉದ್ದನೆಯ ಮೇಜುಗಳ ಮುಂದೆ ಕೂತು, ಮೆತ್ತನೆಯ ಬಿಸ್ಕೆಟ್ ರೊಟ್ಟಿಯ ಮೇಲೆ ಕೋಳಿ ಗ್ರೇವಿ ಸುರಿದುಕೊಂಡು ಉಣ್ಣುತ್ತಾರೆ.

ರೊಟ್ಟಿಯ ಹಿಟ್ಟು ಕಲಸುತ್ತಿದ್ದವಳು ಟ್ವೈಲಾ, ನೆಡ್ರಾಳ ನಾದಿನಿ. ಮೊಣಕೈವರೆಗೆ ಹಿಟ್ಟು, ಬಾಯ ತುಂಬ ಮಾತು. ಕಿಟಕಿಯ ಬಳಿ ಕೂತು ಸೆಲರಿ ಹೆಚ್ಚುತ್ತಿದ್ದ ಎಂಬತ್ತೆರಡರ ಆರ್ಫಾ ಅಜ್ಜಿಗೆ ಕಿವಿ ಅಷ್ಟಾಗಿ ಕೇಳಿಸದು ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ತನಗೆ ಬೇಕಾದದ್ದನ್ನು ಆಕೆ ಒಂದನ್ನೂ ಬಿಡುತ್ತಿರಲಿಲ್ಲ.

ಹೊರಗೆ ಗ್ಯಾಸ್ ಬಾವಿಗಳಿಗೆ ನೀರು ಒಯ್ಯುವ ಟ್ಯಾಂಕರುಗಳು ಸಾಲಾಗಿ ಹೋದವು. ಪಾತ್ರೆಗಳ ಮುಚ್ಚಳಗಳು ಗಡಗಡ ನಡುಗಿದವು. ಗ್ಯಾಸ್ ಕಂಪನಿಯವರು ಹಾಲಿಗೆ ಕೊಟ್ಟಿದ್ದ ಆರು ಉರಿಯ ಹೊಸ ಒಲೆಯನ್ನು ಟ್ವೈಲಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಎಂಥ ಒಲೆ ಕೊಟ್ಟರು ನೋಡು ಎಂದು ಆ ದಿನ ಮೂರನೆಯ ಬಾರಿ ಹೇಳಿದಳು.

“ಒಲೆ ಕೊಟ್ಟಿದ್ದೇನೋ ಸರಿ ಕಣೇ,” ಎಂದಳು ಆರ್ಫಾ ಅಜ್ಜಿ ತಲೆಯೆತ್ತದೆ. “ಆ ಲಾರಿಗಳಿಗೆ ಒಂದೊಂದು ಜೊತೆ ಮೆತ್ತನೆ ಚಪ್ಪಲಿ ಕೊಡಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಟ್ವೈಲಾ ನಕ್ಕಳು. ಅಜ್ಜಿಯ ಮೇಲೆ ಯಾರಿಗೂ ಸಿಟ್ಟು ಬರುತ್ತಿರಲಿಲ್ಲ. ಟ್ವೈಲಾಳ ಖುಷಿಗೆ ಬೇರೆ ಕಾರಣವಿತ್ತು. ಇಪ್ಪತ್ತನೆಯ ತಾರೀಖಿನ ನಂತರ ಶಿಂಗಲ್ ಹೊಳೆಯ ಬದಿಯಲ್ಲಿರುವ ಅವಳ ಜಮೀನಿನಲ್ಲಿ ಕಂಪನಿಯವರು ರಸ್ತೆ ಕಡಿಯುವವರಿದ್ದರು. ಗುಡ್ಡದ ನೆತ್ತಿಯನ್ನು ಸಮ ಮಾಡಿ, ಜಲ್ಲಿ ಹಾಸಿ, ಗ್ಯಾಸ್ ಬಾವಿ ಕೊರೆಯುತ್ತಾರೆ, ಅದಕ್ಕೆ ಅವಳಿಗೆ ಹಣ ಬರುತ್ತದೆ. ಅವಳ ಗಂಡ ಡೀನ್‌ನ ಶ್ವಾಸಕೋಶ ಕಲ್ಲಿನ ಗಣಿಯ ಧೂಳಿಗೆ ಹೋಗಿತ್ತು. ಅವನು ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಎಂಟು ಮೆಟ್ಟಿಲು ಹತ್ತಲು ಕಾಲು ಗಂಟೆ ಹಿಡಿಯುತ್ತಿತ್ತು. ಅಡುಗೆಮನೆಯ ಪಕ್ಕದಲ್ಲೇ ಅವನಿಗೊಂದು ಕೋಣೆ ಕಟ್ಟಿಸಬೇಕು, ಅದಕ್ಕೆ ದಕ್ಷಿಣದ ಕಿಟಕಿ ಇಡಿಸಬೇಕು ಎನ್ನುವುದನ್ನು ಟ್ವೈಲಾ ಎರಡು ವರ್ಷದಿಂದ ಹೇಳುತ್ತ ಬಂದಿದ್ದಳು. ಪರದೆಯ ಬಣ್ಣ ಕೂಡ ಆರಿಸಿಯಾಗಿತ್ತು.

ಹದಿನಾಲ್ಕನೆಯ ಕೋಳಿಯ ಹೊತ್ತಿಗೆ ಹಿಂಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಮೂವತ್ತರ ಆಸುಪಾಸು, ಮೊಣಕಾಲವರೆಗೆ ಒದ್ದೆಯಾದ ರಬ್ಬರ್ ಬೂಟು, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಕ್ಯಾರಿನ್ ಸೋಲ್ಟಿಸ್ ಎಂದು ಹೆಸರು ಹೇಳಿದಳು. ಕೆಳಗಿನ ಪಟ್ಟಣದ ಕಾಲೇಜಿನವಳು, ಹೊಳೆಯ ಪ್ರಾಣಿಗಳನ್ನು ಅಧ್ಯಯನ ಮಾಡುವವಳು. ಮಿಸೆಸ್ ಲೋಸಿ ಎಂದರೆ ಯಾರು, ಒಂದು ಗಂಟೆ ಬಿಡುವು ಮಾಡಿಕೊಂಡು ಟ್ಯಾನರಿ ಹೊಳೆಯ ಹತ್ತಿರ ಬರಬಹುದೇ ಎಂದು ಕೇಳಿದಳು.

ನೆಡ್ರಾಳ ಬೆರಳು ಒಂದು ಕ್ಷಣ ಮೂಳೆಯ ಮೇಲೆ ನಿಂತಿತು. ನಾನೇ, ಕೋಳಿ ಮುಗಿಸಿ ಎರಡು ಗಂಟೆಗೆ ಬರುತ್ತೇನೆ ಎಂದಳು.

ಹುಡುಗಿ ಹೋದ ಮೇಲೆ ಟ್ವೈಲಾ, “ಕಪ್ಪೆ ಎಣಿಸೋಕೆ ಕಾಲೇಜಲ್ಲಿ ಸಂಬಳ ಕೊಡ್ತಾರಂತೆ. ನಾವು ಮೂವತ್ತು ಕೋಳಿ ಬಿಡಿಸಿದ್ರೂ ಒಬ್ಬ ಕೇಳಲ್ಲ,” ಎಂದಳು. ಆಮೇಲೆ ದನಿ ತಗ್ಗಿಸಿ, “ನಿನ್ನ ಹತ್ರ ಏನಂತೆ ಅವಳಿಗೆ?” ಎಂದು ಕೇಳಿದಳು.

ಅಪ್ಪ ಆ ಹೊಳೆಯಲ್ಲಿ ತುಂಬ ಓಡಾಡಿದವನಲ್ಲವೇ, ಅದಕ್ಕಿರಬೇಕು ಎಂದಳು ನೆಡ್ರಾ. ಸುಳ್ಳಲ್ಲ. ನೆಡ್ರಾಳಿಗೆ ಐವತ್ತನಾಲ್ಕು. ಸುಳ್ಳಲ್ಲದ ಮಾತನ್ನು ಆರಿಸಿ ಆಡುವುದನ್ನು ಅವಳು ಏಳನೆಯ ವಯಸ್ಸಿನಲ್ಲೇ ಕಲಿತಿದ್ದಳು.

ಆ ವರ್ಷದ ಬೇಸಿಗೆಯಲ್ಲಿ ಅಪ್ಪ ಎಲ್ವುಡ್ ಅವಳನ್ನು ಟ್ಯಾನರಿ ಹೊಳೆಯ ಮೇಲ್ಭಾಗಕ್ಕೆ ಕರೆದೊಯ್ದಿದ್ದ. ಊಟದ ಮೇಜಿನಗಲದ ಚಪ್ಪಟೆ ಬಂಡೆಯೊಂದರ ಪಕ್ಕದಲ್ಲಿ, ತಳಕ್ಕೆ ಗಾಜು ಕೂರಿಸಿದ ಬಕೆಟ್ಟನ್ನು ನೀರಿಗೆ ಒತ್ತಿ ಹಿಡಿದು, ನೋಡು ಎಂದ. ಬಂಡೆಯಡಿಯ ಬಿಲದ ಬಾಯಿಗೆ ಸರಿಯಾಗಿ ಒಂದು ಚಪ್ಪಟೆ ತಲೆ. ಅಂಗಿಯ ಗುಂಡಿಗಿಂತ ಸಣ್ಣ ಕಣ್ಣುಗಳು. ಹೆಲ್‌ಬೆಂಡರ್. ನೋಡಲು ಹಲ್ಲಿ, ಆದರೆ ಕಪ್ಪೆಯ ಬಳಗದ್ದು. ಎರಡು ಅಡಿ ಉದ್ದ, ಕಲ್ಲಿನ ಬಣ್ಣ, ಪಕ್ಕೆಯುದ್ದಕ್ಕೂ ನಿರಿಗೆ ಹಿಡಿದಂತೆ ಸಡಿಲವಾದ ಚರ್ಮ. ಅದು ಉಸಿರಾಡುವುದು ಆ ಚರ್ಮದಿಂದಲೇ, ಆದ್ದರಿಂದ ನೀರು ತಣ್ಣಗೆ ತಿಳಿಯಾಗಿರಬೇಕು ಎಂದ ಅಪ್ಪ. ಹೆಣ್ಣು ಬಂದು ಮೊಟ್ಟೆಯಿಟ್ಟು ಹೋಗುತ್ತದೆ, ಗಂಡು ಎರಡು ತಿಂಗಳು ಬಾಗಿಲು ಕಾಯುತ್ತದೆ. ಒಂದೇ ಬಂಡೆಯ ಕೆಳಗೆ ಇಪ್ಪತ್ತೈದು ವರ್ಷ ಬಾಳುತ್ತದೆ.

ಕಣಿವೆಯವರು ಅದನ್ನು ಗೊಣ್ಣೆ ಹಲ್ಲಿ ಎನ್ನುತ್ತಿದ್ದರು. ಮುಟ್ಟಿದರೆ ಕೈಗೆ ಅಂಟಂಟು ಹತ್ತುತ್ತದೆ ಎಂದು ಆ ಹೆಸರು. ಅದಕ್ಕೆ ವಿಷವಿದೆ, ಅದು ಟ್ರೌಟ್ ಮೀನನ್ನೆಲ್ಲ ತಿಂದು ಹೊಳೆಯನ್ನು ಬರಿದು ಮಾಡುತ್ತದೆ ಎಂದು ನಂಬಿದ್ದ ಮೀನುಗಾರರು ಕಂಡಲ್ಲಿ ಕೊಲ್ಲುತ್ತಿದ್ದರು. ಎರಡೂ ನಿಜವಲ್ಲ ಎಂದು ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಯಾರ ಜೊತೆಗೂ ವಾದಕ್ಕಿಳಿದವನಲ್ಲ.

“ಇವರು ನಮ್ಮ ಕೆಳಮನೆಯವರು,” ಎಂದಿದ್ದ ಅವನು ಬಕೆಟ್ಟನ್ನು ಮೇಲೆತ್ತಿ. “ಇವರ ವಿಳಾಸ ಯಾರಿಗೂ ಕೊಡಬಾರದು. ಯಾರು ಕೇಳಿದ್ರೂ ಇಲ್ಲ ಅನ್ನಬೇಕು.”

ಅಂದಿನಿಂದ ಅದು ಅಪ್ಪ ಮಗಳ ನಡುವಿನ ಮಾತಾಯಿತು. ಅಮ್ಮ ಎದುರಿಗಿದ್ದಾಗಲೂ ಅಪ್ಪ, ಕೆಳಮನೆಯವರು ಹೇಗಿದ್ದಾರೆ ಎಂದು ಕೇಳುತ್ತಿದ್ದ, ಒಂಬತ್ತು ಜನ, ಎಲ್ಲರೂ ಕ್ಷೇಮ ಎಂದು ನೆಡ್ರಾ ಹೇಳುತ್ತಿದ್ದಳು. ಇದ್ಯಾವ ಆಟ ಎಂದು ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ.

ಮದುವೆಯಾದ ವರ್ಷ ಗಂಡ ರಾಯ್ಸ್ ಅವಳನ್ನು ತನ್ನ ಮನೆಯವರ ಬೇಟೆ ಗುಡಿಸಲಿಗೆ ಕರೆದೊಯ್ದ. ಅಂಗಳದ ಹೆಮ್ಲಾಕ್ ಮರದ ಬೊಡ್ಡೆಗೆ ಮೂರು ಹೆಲ್‌ಬೆಂಡರುಗಳನ್ನು ಮೊಳೆ ಹೊಡೆದು ನೇತುಹಾಕಿದ್ದರು. ಒಣಗಿ ಚಕ್ಕಳವಾಗಿದ್ದವು. ಮಾವ ಅವನ್ನು ಹೊಸ ಸೊಸೆಗೆ ಹೆಮ್ಮೆಯಿಂದ ತೋರಿಸಿದ. ರಾಯ್ಸ್ ಮುಜುಗರದಿಂದ ನಕ್ಕ. ಮೂವತ್ತೆರಡು ವರ್ಷಗಳ ಸಂಸಾರದಲ್ಲಿ ಅವಳು ರಾಯ್ಸ್‌ಗೆ ಹೇಳದ ವಿಷಯಗಳು ಹೆಚ್ಚಿಲ್ಲ. ಎದೆಯಲ್ಲಿ ಗಂಟು ಸಿಕ್ಕಾಗ, ಅದು ಏನೂ ಅಲ್ಲವೆಂದು ವೈದ್ಯರು ಹೇಳುವವರೆಗಿನ ಒಂಬತ್ತು ದಿನದ ಹೆದರಿಕೆಯನ್ನು ಅವನ ಭುಜಕ್ಕೊರಗಿಯೇ ಕಳೆದಿದ್ದಳು. ಕೆಳಮನೆಯವರ ವಿಷಯವನ್ನು ಮಾತ್ರ ಹೇಳಿರಲಿಲ್ಲ. ಅವನು ಕೆಟ್ಟವನೆಂದಲ್ಲ. ಅವನು ತನ್ನ ಅಪ್ಪನ ಮಾತಿಗೆ ಎದುರಾಡದ ಮಗ, ಅಷ್ಟೆ.

ಹನ್ನೊಂದು ವರ್ಷದ ಹಿಂದೆ, ಗ್ಯಾಸ್ ಬಾವಿಗಳು ಈ ಕಣಿವೆಗೆ ಕಾಲಿಡುವ ಮೊದಲು, ಫೈಲು ಹಿಡಿದ ಒಬ್ಬ ಯುವಕ ಅವಳ ಅಡುಗೆಮನೆಗೆ ಬಂದಿದ್ದ. ಅಪ್ಪ ಆಗ ಅವಳ ಮನೆಯಲ್ಲೇ ಇದ್ದ. ಪಾರ್ಶ್ವವಾಯು ಬಡಿದು ಎಡಗೈ ಸತ್ತುಹೋಗಿತ್ತು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಿದ್ದ. ಈ ಹೊಳೆಗಳನ್ನು ಬಲ್ಲವರು ನೀವೇ ಎಂದು ಊರವರು ಹೇಳಿದರು, ಟ್ಯಾನರಿಯಲ್ಲಾಗಲಿ ಶಿಂಗಲ್‌ನಲ್ಲಾಗಲಿ ಹೆಲ್‌ಬೆಂಡರ್ ಕಂಡದ್ದುಂಟೇ ಎಂದು ಯುವಕ ಕೇಳಿದ. ಅಪ್ಪ ಮಗಳ ಮುಖ ನೋಡಿದ. ನೆಡ್ರಾ ಯೋಚಿಸಲೇ ಇಲ್ಲ. ಯಾರೋ ಮುಖಕ್ಕೆ ಕೈಬೀಸಿದರೆ ಕಣ್ಣು ತಾನಾಗಿ ಮುಚ್ಚುವ ಹಾಗೆ ಉತ್ತರ ಬಂತು. ಇಲ್ಲ. ಎರಡರಲ್ಲೂ ಇಲ್ಲ. ನಾವು ಎಂದೂ ನೋಡಿಲ್ಲ.

ಯುವಕ ಬರೆದುಕೊಂಡ. ಅವನ ಜೊತೆಯವರು ಸೇತುವೆಯ ಕೆಳಗೆ ಅರ್ಧ ದಿನ ಕಲ್ಲುಗಳನ್ನು ಎತ್ತಿ ನೋಡಿದರು. ಹಿಂದಿನ ದಿನದ ಮಳೆಗೆ ಹೊಳೆ ಕೆಂಪಾಗಿತ್ತು, ಏನೂ ಸಿಗಲಿಲ್ಲ. ಅವರ ಗಾಡಿ ಹೊರಟ ಮೇಲೆ ಅಪ್ಪ ಸರಿಯಿದ್ದ ಕೈಯಿಂದ ಅವಳ ಕೈ ತಟ್ಟಿ, ಚೆನ್ನಾಗಿ ಹೇಳಿದೆ ಎಂದ. ಆ ಸಂಜೆ ಇಬ್ಬರೂ ಸೇಬಿನ ಪೈ ತಿಂದರು. ಮುಂದಿನ ಫೆಬ್ರವರಿಯಲ್ಲಿ ಅವನು ತೀರಿಕೊಂಡ, ಕೆಳಮನೆಯವರನ್ನು ಉಳಿಸಿದೆ ಎಂಬ ನೆಮ್ಮದಿಯಲ್ಲಿ.

ಆ ಯುವಕ ಏಕೆ ಕೇಳುತ್ತಿದ್ದಾನೆ ಎಂದು ಅವರಿಬ್ಬರಿಗೂ ಕೇಳಬೇಕೆನಿಸಿರಲಿಲ್ಲ. ಕೇಳಿಕೊಂಡು ಬರುವವರಲ್ಲಿ ಅವರು ಕಂಡದ್ದು ಒಂದೇ ಬಗೆ, ಮೊಳೆ ಹೊಡೆಯುವವರು. ಕಾಪಾಡಲಿಕ್ಕೆಂದು ಕೇಳುವವರೂ ಇರುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ನೆಡ್ರಾಳಿಗೆ ಅದು ತಿಳಿದದ್ದು ಮೂರು ವರ್ಷದ ನಂತರ, ಇದೇ ಫೈರ್ ಹಾಲಿನಲ್ಲಿ. ಗೋಡೆಗೆ ನಕ್ಷೆ ತೂಗುಹಾಕಿ ಕಂಪನಿಯವನೊಬ್ಬ ವಿವರಿಸಿದ. ಟ್ಯಾನರಿ ಹೊಳೆಯಲ್ಲಿ ಹೆಲ್‌ಬೆಂಡರ್ ಇದ್ದಿದ್ದರೆ ಕಾನೂನಿನ ಪ್ರಕಾರ ಬೇಸಿಗೆಯಲ್ಲಿ ನೀರೆತ್ತುವಂತಿರಲಿಲ್ಲ, ಮೊಟ್ಟೆಯ ತಿಂಗಳುಗಳಲ್ಲಿ ಹೊಳೆಗೆ ಯಂತ್ರ ಇಳಿಸುವಂತಿರಲಿಲ್ಲ, ಪೈಪನ್ನು ಹೊಳೆಯ ತಳಕ್ಕಿಂತ ಬಹಳ ಕೆಳಗಿನಿಂದ ಒಯ್ಯಬೇಕಾಗುತ್ತಿತ್ತು. ಅದೃಷ್ಟಕ್ಕೆ ಇಲ್ಲಿ ಅಂಥದ್ದೇನೂ ಇಲ್ಲ, ಊರಿನವರೇ ಹೇಳಿದ್ದಾರೆ ಎಂದ. ನೆಡ್ರಾ ಮಡಿಲಲ್ಲಿ ಕೈಕಟ್ಟಿ ಕೂತಿದ್ದಳು. ಎದ್ದು ನಿಲ್ಲಬೇಕು ಅಂದುಕೊಂಡಳು. ಪಕ್ಕದಲ್ಲಿ ರಾಯ್ಸ್ ಕೂತಿದ್ದ. ಆ ವಾರವಷ್ಟೇ ಅವನಿಗೆ ಟ್ಯಾಂಕರ್ ಓಡಿಸುವ ಕೆಲಸ ಸಿಕ್ಕಿತ್ತು. ಅವಳು ಏಳಲಿಲ್ಲ.

ಆ ಸೆಪ್ಟೆಂಬರಿನಲ್ಲೇ ಅವರು ಹೊಳೆಯನ್ನು ಅಡ್ಡಕ್ಕೆ ಅಗೆದು ಪೈಪು ಹೂತರು. ಜುಲೈಗಳಲ್ಲಿ ತೊಡೆಗಾತ್ರದ ಕೊಳವೆ ಬಿಟ್ಟು ನೀರೆತ್ತಿದರು. ಗುಡ್ಡದ ರಸ್ತೆಯ ನುಣ್ಣನೆಯ ಕೆಸರು ಪ್ರತಿ ಮಳೆಗೂ ಇಳಿದು ಬಂತು. ನೆಡ್ರಾ ಪ್ರತಿ ವರ್ಷ ಬಕೆಟ್ಟು ಹಿಡಿದು ಹೋಗುತ್ತಿದ್ದಳು. ಒಂಬತ್ತು ಇದ್ದದ್ದು ಆರಾಯಿತು, ನಾಲ್ಕಾಯಿತು, ಒಂದಾಯಿತು. ರಾಯ್ಸ್ ಸಂಜೆ ಮನೆಗೆ ಬಂದು ಇವತ್ತು ಹದಿಮೂರು ಲೋಡು ಎಂದಾಗ ಅವಳು ಅವನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತಿದ್ದಳು.

*

ಎರಡು ಗಂಟೆಗೆ ಕ್ಯಾರಿನ್ ಹೊಳೆಯ ದಂಡೆಯಲ್ಲಿ ಕಾಯುತ್ತಿದ್ದಳು. ಮೇ ತಿಂಗಳಲ್ಲಿ ಈ ಹೊಳೆಯ ನೀರನ್ನು ಪರೀಕ್ಷೆ ಮಾಡಿಸಿದ್ದೆ, ಹೆಲ್‌ಬೆಂಡರಿನ ಗುರುತು ನೀರಿನಲ್ಲಿ ಸಿಕ್ಕಿತು, ತೀರಾ ಕಡಿಮೆ, ಒಂದೋ ಎರಡೋ ಇದ್ದಷ್ಟು ಎಂದಳು. ಎಲ್ಲಿರಬಹುದು ಎಂದು ನಿಮಗೆ ಏನಾದರೂ ಅಂದಾಜಿದೆಯೇ ಎಂದು ಕೇಳಿದಳು.

ನೆಡ್ರಾ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ, ನೀರಿಗಿಳಿದು ಮೇಲಕ್ಕೆ ನಡೆದಳು. ಹುಡುಗಿ ಹಿಂದೆ ಬಂದಳು. ಕಲ್ಲುಗಳ ಮೇಲೆ ಬೂದಿ ಬಣ್ಣದ ತೆಳು ಪದರ ಕೂತಿತ್ತು, ಕಾಲಿಟ್ಟಲ್ಲೆಲ್ಲ ಹೊಗೆಯ ಹಾಗೆ ಏಳುತ್ತಿತ್ತು. ಮೇಜಿನಗಲದ ಬಂಡೆ ಬಂತು. ಕ್ಯಾರಿನ್, ಮೊಟ್ಟೆಯ ಕಾಲ, ಬಂಡೆ ಎತ್ತುವುದು ಬೇಡ ಎಂದಳು. ಎತ್ತುವುದಿಲ್ಲ ಎಂದು ನೆಡ್ರಾ ತಲೆಯಾಡಿಸಿದಳು. ನೀರಿನಲ್ಲಿ ಬೋರಲು ಮಲಗಿ, ಕೆನ್ನೆಯನ್ನು ಬಂಡೆಗೆ ಒತ್ತಿ, ಅಪ್ಪ ಕಲಿಸಿದ ಹಾಗೆ ಬೆರಳು ಮುಚ್ಚಿದ ಕೈಯನ್ನು ನಿಧಾನವಾಗಿ ಬಿಲದೊಳಗೆ ತೂರಿಸಿದಳು. ಇಷ್ಟು ದೂರ ಹೋದರೆ ಜಾರುವ ತಲೆ ಸಿಗಬೇಕು, ಮೆಲ್ಲನೆ ಕಚ್ಚಿ ಬಿಡಬೇಕು. ಬೆರಳಿಗೆ ಸಿಕ್ಕಿದ್ದು ಕೆಸರು. ತೋಳಿನುದ್ದಕ್ಕೂ ಕೆಸರು, ಹಿಟ್ಟಿನಷ್ಟು ನುಣ್ಣಗೆ, ಬಾಗಿಲಿಂದ ಹಿಂಗೋಡೆಯವರೆಗೆ ಒತ್ತಿ ತುಂಬಿತ್ತು. ಅವಳು ಇನ್ನೂ ಸ್ವಲ್ಪ ಹೊತ್ತು ಹಾಗೇ ಮಲಗಿದ್ದಳು, ಕೈ ಒಳಗೇ ಇತ್ತು. ನೀರು ಕುತ್ತಿಗೆಯ ಬಳಿ ಹರಿದು ಹೋಗುತ್ತಿತ್ತು.

ಎದ್ದು ಕೂತಾಗ ಹುಡುಗಿ ತನ್ನ ಒಣ ಜಾಕೆಟ್ಟನ್ನು ಅವಳ ಹೆಗಲಿಗೆ ಹೊದಿಸಿದಳು.

ನೆಡ್ರಾ ಹೊಳೆಯನ್ನೇ ನೋಡುತ್ತ ಕೇಳಿದಳು. “ಒಂದು ಮಾತು ಹೇಳು ಹುಡುಗಿ. ಅಪ್ಪ ಆದವನು ತನ್ನ ಮೊಟ್ಟೇನ ತಾನೇ ತಿಂತಾನಾ?”

ಆ ಪ್ರಶ್ನೆಯಲ್ಲಿ ಕ್ಯಾರಿನ್‌ಗೆ ಬೇಕಾದ ಉತ್ತರವೆಲ್ಲ ಇತ್ತು.

“ನೀವು ನೋಡಿದ್ರಾ?”

“ಹೋದ ವರ್ಷ. ಇದೇ ತಿಂಗಳು. ಮುತ್ತಿನ ಸರದ ಹಾಗೆ ಕಾಣ್ತಿದ್ವು ಮೊಟ್ಟೆ, ನೂರಿನ್ನೂರು. ಹತ್ತು ದಿನ ಬಿಟ್ಟು ಹೋದ್ರೆ ಕೊನೇ ನಾಲ್ಕೈದು ಅದರ ಬಾಯಲ್ಲೇ ಇದ್ವು. ಬಾಗಿಲು ಬಿಟ್ಟು ಕದಲಿರಲಿಲ್ಲ ಅದು. ಕಾಯ್ತಾ ಕಾಯ್ತಾನೇ ತಿಂತಿತ್ತು.”

“ನೀರು ಕೆಟ್ಟ ಕಡೆ ಹಾಗೆ ಮಾಡ್ತಾವೆ,” ಎಂದಳು ಹುಡುಗಿ. “ಇವು ಮರಿಯಾಗಲ್ಲ ಅಂತ ಅದಕ್ಕೆ ಹೇಗೋ ಗೊತ್ತಾಗತ್ತೆ ಅಂತೀವಿ ನಾವು. ಸರಿಯಾಗಿ ಯಾರಿಗೂ ಗೊತ್ತಿಲ್ಲ.”

ಅದನ್ನು ಕಂಡ ದಿನ ನೆಡ್ರಾ ಮನೆಗೆ ಹೋಗಿ ಬಟ್ಟೆ ಒಗೆದಿದ್ದಳು, ರಾಯ್ಸ್‌ನ ಕೆಲಸದ ಬಟ್ಟೆ ಬೇರೆ, ತನ್ನದು ಬೇರೆ. ಆ ಪ್ರಾಣಿಯ ಮೇಲೆ ಅವಳಿಗೆ ಸಿಟ್ಟು ಬಂದಿತ್ತು, ಮಕ್ಕಳಿಗೆ ಕೆಡುಕು ಮಾಡಿದ ತಾಯಿಯೊಬ್ಬಳ ಮೇಲೆ ಬರುವಂಥ ಸಿಟ್ಟು. ಆಮೇಲೆ ಒಂದು ವರ್ಷ ಆ ಸಿಟ್ಟು ಯಾರ ಮೇಲೆ ಎಂದು ಅವಳು ಒಳಗೇ ಹುಡುಕಿದ್ದಳು.

ಕ್ಯಾರಿನ್ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದಳು. ಹನ್ನೊಂದು ವರ್ಷದ ಹಿಂದೆ ಬಂದಿದ್ದ ಆ ಯುವಕನ ವರದಿ. ಕೊನೆಯಲ್ಲಿ ಒಂದು ಸಾಲು: ಸ್ಥಳೀಯ ನಿವಾಸಿ ಎನ್. ಲೋಸಿ, ಟ್ಯಾನರಿ ಮತ್ತು ಶಿಂಗಲ್ ಹೊಳೆಗಳಲ್ಲಿ ಎಂದೂ ಕಂಡಿಲ್ಲ.

“ನಿಮ್ಮ ಮೇಲೆ ತಪ್ಪು ಹೊರಿಸೋಕೆ ಬಂದಿಲ್ಲ ನಾನು, ಮಿಸೆಸ್ ಲೋಸಿ. ಆದರೆ ಈ ಒಂದು ಸಾಲು ನಂಬಿ ಏಳು ವರ್ಷ ನಾನೂ ಈ ಕಣಿವೆ ಕಡೆ ತಲೆ ಹಾಕಲಿಲ್ಲ.”

ದನಿಯಲ್ಲಿ ಆರೋಪವಿರಲಿಲ್ಲ. ಇದ್ದಿದ್ದರೆ ನೆಡ್ರಾಳಿಗೆ ಹಗುರವಾಗುತ್ತಿತ್ತು.

ಉಳಿದದ್ದನ್ನು ಹುಡುಗಿ ಬಿಡಿಸಿ ಹೇಳಿದಳು. ಶಿಂಗಲ್ ಹೊಳೆಯ ಪರವಾನಗಿಗೆ ಆಕ್ಷೇಪ ಸಲ್ಲಿಸಲು ಸೋಮವಾರ ಮಧ್ಯಾಹ್ನ ಕೊನೆ. ಅಲ್ಲಿ ಎರಡೂ ದಡ ಖಾಸಗಿ ಜಮೀನು, ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಕಂಪನಿಯವರು ಇದೇ ಹಳೆಯ ಕಾಗದವನ್ನು ಮುಂದಿಟ್ಟಿದ್ದರು. ಅಲ್ಲಿ ಅವುಗಳನ್ನು ಕಣ್ಣಾರೆ ಕಂಡವರು ಜಾಗ, ದಿನ ಬರೆದು ಸಹಿ ಹಾಕಿದರೆ ಕೆಲಸ ನಿಲ್ಲಿಸಿ ಸರಿಯಾಗಿ ಹುಡುಕಲೇಬೇಕಾಗುತ್ತದೆ. ಇದ್ದರೆ ಹೊಳೆಯ ಬದಿಯಲ್ಲಿ ಬಾವಿ ಬರುವುದಿಲ್ಲ. ಆದರೆ ಮೊದಲು ಇಲ್ಲ ಎಂದದ್ದು ಏಕೆ ಎಂಬುದನ್ನೂ ಬರೆಯಬೇಕು, ಇಲ್ಲದಿದ್ದರೆ ಅವರ ವಕೀಲರು ಹಳೆಯ ಸಾಲನ್ನೇ ತೋರಿಸುತ್ತಾರೆ.

“ನಿಮ್ಮ ತಂದೆ ಹೇಳಬೇಡ ಅಂದಿದ್ರು ಅಂತ ಬರೆದರೂ ಸಾಕು,” ಎಂದು ಮೆಲ್ಲನೆ ಸೇರಿಸಿದಳು. ಊರಿನವರು ಎಲ್ವುಡ್‌ನ ಬಗ್ಗೆ ಏನಾದರೂ ಹೇಳಿರಬೇಕು.

ಕಾಗದದಲ್ಲಿ ಜಾಗ ಬರೆದರೆ ಯಾರು ಯಾರು ಓದುತ್ತಾರೆ ಎಂದು ನೆಡ್ರಾ ಕೇಳಿದಳು.

“ಬಹಿರಂಗ ಮಾಡಲ್ಲ. ಪರವಾನಗಿ ಕಚೇರಿಯವರು ನೋಡ್ತಾರೆ, ಕಂಪನಿಯವರೂ ನೋಡ್ತಾರೆ. ಅಲ್ಲಿಂದ ಹೊರಗೆ ಹೋಗೋದೇ ಇಲ್ಲ ಅಂತ ಆಣೆ ಇಡೋಕೆ ನನ್ನಿಂದ ಆಗಲ್ಲ.”

ಹುಡುಗಿ ಸುಳ್ಳು ಹೇಳಲಿಲ್ಲ ಎನ್ನುವುದು ನೆಡ್ರಾಳಿಗೆ ಹಿಡಿಸಿತು. ಖಾಲಿ ಫಾರಂ ಮತ್ತು ಫೋನ್ ನಂಬರು ತೆಗೆದುಕೊಂಡಳು. ಶಿಂಗಲ್‌ನಲ್ಲಿ ಇವೆ ಎಂದಾಗಲಿ ಇಲ್ಲ ಎಂದಾಗಲಿ ಹೇಳಲಿಲ್ಲ. ಜಾಕೆಟ್ಟನ್ನು ಮಡಿಸಿ ವಾಪಸು ಕೊಟ್ಟಳು.

ಇವೆ. ಆಗಸ್ಟ್ ಹದಿನೆಂಟರಂದು ಅವಳು ಟ್ವೈಲಾಳ ಜಮೀನಿನಲ್ಲಿ ಬ್ಲ್ಯಾಕ್‌ಬೆರಿ ಕೊಯ್ಯುವ ನೆಪದಲ್ಲಿ ಹೋಗಿದ್ದಳು. ಉರುಳಿ ಬಿದ್ದ ಬರ್ಚ್ ಮರದ ಕೆಳಗಿನ ಮಡುವಿನಲ್ಲಿ ಎರಡು, ಅದರ ಮೇಲಿನ ಮಡುವಿನಲ್ಲಿ ಒಂದು. ನೀರು ಎಷ್ಟು ತಿಳಿಯಾಗಿತ್ತೆಂದರೆ ಅವುಗಳ ಪಕ್ಕೆಯ ನಿರಿಗೆ ಅಲೆಯಂತೆ ಆಡುವುದು ಬಕೆಟ್ಟಿಲ್ಲದೆಯೇ ಕಾಣುತ್ತಿತ್ತು. ಟ್ವೈಲಾಳಿಗೆ ಅರ್ಧ ಬುಟ್ಟಿ ಹಣ್ಣು ಕೊಟ್ಟು ಬಂದಿದ್ದಳು.

ಆ ಸಂಜೆ ರಾಯ್ಸ್ ಬಿಸಿನೀರಿನಲ್ಲಿ ಕಾಲಿಟ್ಟು ಕೂತು ಲವಲವಿಕೆಯಿಂದಿದ್ದ. ಶಿಂಗಲ್ ಕೆಲಸ ಶುರುವಾದರೆ ತನ್ನನ್ನು ಅಲ್ಲಿಗೇ ಹಾಕುತ್ತಾರಂತೆ, ಮನೆಯಿಂದ ಎರಡು ಮೈಲಿ, ಮಧ್ಯಾಹ್ನದ ಊಟಕ್ಕೆ ಬಂದು ಹೋಗಬಹುದು ಎಂದ. ಆಮೇಲೆ, “ಆ ಕಾಲೇಜಿನ ಹುಡುಗಿಗೆ ಏನು ಬೇಕಿತ್ತಂತೆ?” ಎಂದ. ಕಣಿವೆಯಲ್ಲಿ ಸುದ್ದಿ ಲಾರಿಗಿಂತ ಬೇಗ ಓಡುತ್ತದೆ.

“ಟ್ಯಾನರಿ ಹೊಳೆ ನೋಡಬೇಕಿತ್ತಂತೆ. ತೋರಿಸಿದೆ.”

“ನೋಡೋಕೆ ಏನಿದೆ ಅಲ್ಲಿ?”

“ಏನಿಲ್ಲ,” ಎಂದಳು ನೆಡ್ರಾ.

ಆ ಮಾತು ಇಷ್ಟು ವರ್ಷ ಅವಳು ಹೇಳುತ್ತ ಬಂದದ್ದೇ. ಇಂದು ಮೊದಲ ಬಾರಿ ಅದು ನಿಜವಾಗಿತ್ತು. ಅವಳು ಒಲೆಯ ಕಡೆ ತಿರುಗಿ, ಉಕ್ಕದ ಹಾಲನ್ನು ನೋಡುತ್ತ ನಿಂತಳು.

*

ಶನಿವಾರ ನಾಲ್ಕೂವರೆಗೇ ಫೈರ್ ಹಾಲಿನ ಮುಂದೆ ಸಾಲು. ನೆಡ್ರಾಳದು ಗ್ರೇವಿಯ ಸೌಟು. ತಟ್ಟೆಗಳು ಎಡದಿಂದ ಬರುತ್ತಿದ್ದವು, ಟ್ವೈಲಾ ಎರಡೆರಡು ರೊಟ್ಟಿ ಇಡುತ್ತಿದ್ದಳು, ನೆಡ್ರಾ ಸುರಿಯುತ್ತಿದ್ದಳು, ಆರ್ಫಾ ಅಜ್ಜಿ ಎಲೆಕೋಸಿನ ಸಲಾಡ್ ಹಾಕಿ, ತೆಳ್ಳಗಿದ್ದವರಿಗೆಲ್ಲ ನಿಮ್ಮ ಹೆಂಡತಿ ಎಲ್ಲಿಗೆ ಹೋಗಿದ್ದಾಳೆ ಎಂದು ಕೇಳುತ್ತಿದ್ದಳು. ಕಂಪನಿಯ ನಾಲ್ಕು ಹುಡುಗರು ಕೆಸರು ಬೂಟಿನಲ್ಲಿ ಬಂದು ಟೋಪಿ ತೆಗೆದು ನಿಂತರು. ದೂರದ ಊರಿನವರು, ಹಸಿದಿದ್ದರು. ನೆಡ್ರಾ ಅವರಿಗೂ ತುಂಬ ಸುರಿದಳು.

ಫಾರಂ ಮನೆಯಲ್ಲಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಹಳೆಯ ಜಿಪ್ಪುಗಳ ಕೆಳಗಿತ್ತು. ಕಳೆದ ರಾತ್ರಿಯಿಂದ ಅವಳು ಅದರ ಒಂದೊಂದೇ ಜಾಗವನ್ನು ಮನಸ್ಸಿನಲ್ಲಿ ತುಂಬುತ್ತಿದ್ದಳು, ಅಳಿಸುತ್ತಿದ್ದಳು. ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಯಾರಿಗೂ ತಿಳಿಯುವುದಿಲ್ಲ. ಟ್ವೈಲಾ ಮುಂದಿನ ವರ್ಷವೂ ಇಲ್ಲೇ ಪಕ್ಕದಲ್ಲಿ ನಿಂತು ರೊಟ್ಟಿ ಇಡುತ್ತಾಳೆ. ಶಿಂಗಲ್‌ನ ಮೂರು ತಲೆಗಳು ಎರಡಾಗುತ್ತವೆ, ಒಂದಾಗುತ್ತದೆ, ಬಾಗಿಲು ಕಾಯುತ್ತ ತನ್ನದನ್ನು ತಾನೇ ತಿನ್ನುತ್ತದೆ. ಅದನ್ನೂ ಬಕೆಟ್ಟು ಹಿಡಿದು ಅವಳೊಬ್ಬಳೇ ಹೋಗಿ ನೋಡಬೇಕು.

ಸಾಲಿನಲ್ಲಿ ಡೀನ್ ಬಂದ. ಆಮ್ಲಜನಕದ ಸಣ್ಣ ಡಬ್ಬಿ ಚಕ್ರದ ಮೇಲೆ ಹಿಂದೆ ಉರುಳುತ್ತಿತ್ತು. ರಾಯ್ಸ್ ಅವನ ತೋಳು ಹಿಡಿದಿದ್ದ. ಬಾಗಿಲಿಂದ ಇಲ್ಲಿಯವರೆಗೆ ನಡೆದದ್ದಕ್ಕೇ ಡೀನ್‌ನ ತುಟಿ ನೀಲಿಯಾಗಿತ್ತು. ಟ್ವೈಲಾ ಅವನ ತಟ್ಟೆಗೆ ಮೂರು ರೊಟ್ಟಿ ಇಟ್ಟು, ನೆಡ್ರಾಳ ಕಡೆ ಬಗ್ಗಿ, “ಮೇ ತಿಂಗಳಿಗೆ ಕೋಣೆ ಮುಗೀಬೇಕು ಅಂತ ಬಡಗಿಗೆ ಹೇಳಿಬಿಟ್ಟೆ ಕಣೇ. ನೀನೇ ಬಂದು ಪರದೆ ಹೊಲಿಬೇಕು,” ಎಂದಳು. ಅವಳ ಮುಖದಲ್ಲಿ ಹಿಟ್ಟು ಹತ್ತಿತ್ತು. ನೆಡ್ರಾ ಹೊಲಿಯುತ್ತೇನೆ ಎಂದಳು. ಅದನ್ನೂ ನಿಜವಾಗಿಯೇ ಹೇಳಿದಳು, ಆಗ ಟ್ವೈಲಾ ತನ್ನನ್ನು ಮನೆಯೊಳಗೆ ಬಿಟ್ಟುಕೊಂಡರೆ.

ಅಪ್ಪನ ಹೆಸರು ಬರೆದರೆ ಎಲ್ಲರಿಗೂ ಸುಲಭ. ಸತ್ತ ಮುದುಕನ ಹಟ, ವಿಧೇಯ ಮಗಳು. ಟ್ವೈಲಾ ಕೂಡ ಒಂದು ದಿನ ಕ್ಷಮಿಸಿಯಾಳು. ಆದರೆ ಅಪ್ಪ ಆ ದಿನ ಬಾಯಿ ತೆರೆದಿರಲಿಲ್ಲ. ಅವನು ಮುಖ ನೋಡಿದ, ಅಷ್ಟೆ. ಇಲ್ಲ ಎಂದವಳು ನಲವತ್ತಮೂರು ವರ್ಷದ ಹೆಂಗಸು, ತನ್ನದೇ ಅಡುಗೆಮನೆಯಲ್ಲಿ ನಿಂತು. ಮೂರು ವರ್ಷದ ನಂತರ ನಕ್ಷೆಯ ಮುಂದೆ ಎದ್ದು ನಿಲ್ಲದೆ ಕೂತವಳೂ ಅವಳೇ. ಆಗ ಅಪ್ಪ ಬದುಕಿರಲಿಲ್ಲ.

ಸೌಟು ಪಾತ್ರೆಯ ತಳಕ್ಕೆ ತಾಗಿತು. ಅವಳು ಅದನ್ನು ಬಗ್ಗಿಸಿ, ದಪ್ಪನೆಯ ಮಾಂಸದ ಚೂರುಗಳನ್ನು ಒಟ್ಟುಮಾಡಿಕೊಂಡಳು. ನಾಳೆ ಚರ್ಚಿನಿಂದ ಬಂದು ರಾಯ್ಸ್ ಸೋಫಾದ ಮೇಲೆ ನಿದ್ದೆಹೋದ ಮೇಲೆ ಬರೆಯುವುದು. ಬರ್ಚ್ ಮರದ ಕೆಳಗಿನ ಮಡು, ಅದರ ಮೇಲಿನ ಮಡು, ಆಗಸ್ಟ್ ಹದಿನೆಂಟು. ಏಕೆ ಎಂಬ ಜಾಗದಲ್ಲಿ, ನಾನು ಇಲ್ಲ ಎಂದೆ, ಅದು ಸುಳ್ಳಾಗಿತ್ತು ಎಂದಷ್ಟೇ. ಅಪ್ಪನ ಹೆಸರಿಲ್ಲ. ಸೋಮವಾರ ರಾಯ್ಸ್ ಕೆಲಸಕ್ಕೆ ಹೊರಟ ಮೇಲೆ ತಾನೇ ಗಾಡಿ ಓಡಿಸಿಕೊಂಡು ಹೋಗಿ ಕೊಟ್ಟು ಬರುವುದು. ಟ್ವೈಲಾಳಿಗೆ ಅಂಚೆಯಲ್ಲಿ ಗೊತ್ತಾಗುತ್ತದೆ, ಅಥವಾ ಯಾರ ಬಾಯಿಂದಲಾದರೂ. ಅಷ್ಟರವರೆಗೆ ಈ ಎರಡು ದಿನ ಅವಳು ನಗುತ್ತಿರಲಿ.

ಎದುರಿಗೆ ಡೀನ್ ತಟ್ಟೆ ಹಿಡಿದು ಕಾಯುತ್ತಿದ್ದ. ಉಸಿರು ಕೂಡಿಸಿಕೊಳ್ಳುತ್ತಿದ್ದ.

“ಇನ್ನೂ ಸ್ವಲ್ಪ ಹಾಕ್ಲಾ ಡೀನ್?”

ಅವನು ಸರಿ ಎಂಬಂತೆ ತಲೆಯಾಡಿಸಿದ. ನೆಡ್ರಾ ಸುರಿದಳು, ರೊಟ್ಟಿ ಮುಳುಗುವವರೆಗೆ.